ವರದಿ ಉದ್ದವಾದರೆ ಕೆಲಸ ಹೆಚ್ಚಾಯಿತೆ?

ಕೋಡ್ ಬರೆಯುವವರ ದಿನದ ವರದಿಯನ್ನು ಇನ್ನು ಎಐ ಬರೆಯಲಿ, ಹಾರೋಹಳ್ಳಿಯಂಥ ಊರಲ್ಲಿ ಕೂತು ಬೆಂಗಳೂರಿನ ಕಂಪನಿಗೆ ದುಡಿಯುವವರ ಮೇಲೆ ಅನುಮಾನವೇ ಉಳಿಯದು ಎಂದು ಕಳೆದ ಸಂಚಿಕೆಯ ಲೇಖನ ವಾದಿಸಿದೆ. ವರದಿ ಬರೆಯುವುದು ಬೇಸರದ ಕೆಲಸ, ಅಷ್ಟು ಒಪ್ಪಿದೆ. ಉಳಿದದ್ದನ್ನಲ್ಲ.

ಹಾರೋಹಳ್ಳಿಯ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರ ವೇಬ್ರಿಡ್ಜ್ ತಂತ್ರಾಂಶ ಲಾರಿಗಳ ತೂಕ ತಪ್ಪು ತೋರಿಸುತ್ತಿದೆ ಎಂದುಕೊಳ್ಳಿ. ಅದನ್ನು ನೋಡಿಕೊಳ್ಳುವ ಹುಡುಗಿ ದಿನವಿಡೀ ಅಲ್ಲೇ ನಿಂತು, ಆಪರೇಟರನ್ನು ವಿಚಾರಿಸಿ, ಲಾರಿಯ ಅಲುಗಾಟ ನಿಲ್ಲುವ ಮೊದಲೇ ತಂತ್ರಾಂಶ ಅಂಕಿ ಹಿಡಿಯುತ್ತಿದೆ ಎಂದು ಪತ್ತೆ ಹಚ್ಚುತ್ತಾಳೆ. ಕೋಡಿನಲ್ಲಿ ಬದಲಾಗುವುದು ಒಂದೇ ಸಾಲು. ಕೋಡಿನ ಬದಲಾವಣೆಗಳ ಗಿಟ್ ದಾಖಲೆಯನ್ನಷ್ಟೇ ಓದುವ ಎಐ, ‘ಕಾಯುವ ಅವಧಿ ಹೆಚ್ಚಿಸಲಾಗಿದೆ’ ಎಂದು ಬರೆದು ಕೈ ತೊಳೆದುಕೊಳ್ಳುತ್ತದೆ. ಪಕ್ಕದವನು ಅದೇ ಎಐನಿಂದ 800 ಸಾಲು ಬರೆಸಿದ್ದರೆ ಅವನ ವರದಿ ಪುಟಗಟ್ಟಲೆ! ಸಂಬಳ ಏರಿಸುವಾಗ ಯಾರದ್ದು ಕಣ್ಣಿಗೆ ಬೀಳುತ್ತದೆ?

ಉದ್ದ ನೋಡಿ ಕೆಲಸ ಅಳೆಯುವ ಈ ಕಾಯಿಲೆ ಹಳೆಯದು. 1982ರಲ್ಲಿ ಆಪಲ್‌ನ ವ್ಯವಸ್ಥಾಪಕರು ವಾರಕ್ಕೆಷ್ಟು ಸಾಲು ಬರೆದಿರೆಂದು ಲೆಕ್ಕ ಕೇಳಿದಾಗ ಅಲ್ಲಿನ ಪ್ರೋಗ್ರಾಮರ್ ಬಿಲ್ ಅಟ್ಕಿನ್ಸನ್ ನಮೂನೆಯಲ್ಲಿ ಮೈನಸ್ 2000 ಎಂದು ತುಂಬಿದರು. ಚಿತ್ರ ಬಿಡಿಸುವ ಕೋಡನ್ನು ಅವರು ಚಿಕ್ಕದಾಗಿಸಿ, ವೇಗ ಹೆಚ್ಚಿಸಿದ್ದರು. ಕೆಲ ವಾರಗಳಲ್ಲಿ ಅವರಿಗೆ ನಮೂನೆ ಕೊಡುವುದೇ ನಿಂತಿತು.

ಕರಡನ್ನು ಬೇಕಾದರೆ ಎಐ ಬರೆಯಲಿ. ಆದರೆ ಯಾಕೆ ಮಾಡಿದೆ ಎಂಬ ಸಾಲನ್ನು ದುಡಿದವರೇ ಸೇರಿಸಲಿ, ಅವರು ಓದಿ ಒಪ್ಪದ ವರದಿ ಮೇಲಧಿಕಾರಿಗೆ ಹೋಗದಿರಲಿ. ಸಂಬಳದ ಅಳತೆಗೋಲಾಗಿ ವರದಿಯನ್ನು ಬಳಸಲೇಬಾರದು.