ರುಚಿಯ ಪರೀಕ್ಷೆಯೂ ಮುರುಗಲಿನ ಬೆಲೆಯೂ

(ಲೇಖಕರು: ಒಬ್ಬ ಕೃಷಿ ಇನ್ಸ್‌ಪೆಕ್ಟರರು, ಎಲ್. ಎಜಿ.)

ಯಾವುದೇ ಹುಟ್ಟುವಳಿಗೆ ಯೋಗ್ಯವಾದ ಬೆಲೆ ಬರಬೇಕಾದರೆ ಅದರ ತೂಕವನ್ನು ಬಲ್ಲವರಿರುವಂತೆ ಅದರ ಗುಣವನ್ನು ಬಲ್ಲವರೂ ಇರಬೇಕು. ಭಟ್ಕಳ, ಹೊನ್ನಾವರ, ಕುಮಟಾ ತಾಲೂಕುಗಳಲ್ಲಿ ತೂಕವನ್ನು ಬಲ್ಲವರಿಗೆ ಕೊರತೆಯಿಲ್ಲ. ತಕ್ಕಡಿಯ ಮುಳ್ಳು ಎಳ್ಳಷ್ಟು ಸರಿದರೂ ನಮ್ಮ ಒಕ್ಕಲಿಗನು ವ್ಯಾಪಾರಿಯನ್ನು ತಡೆದು ಕೇಳುವನು. ಗುಣವನ್ನು ನಿರ್ಣಯಿಸುವ ಅಧಿಕಾರವನ್ನು ಮಾತ್ರ ನಾವು ಬಹು ಹಿಂದಿನಿಂದಲೂ ಕೊಳ್ಳುವವನಿಗೇ ಬಿಟ್ಟುಕೊಟ್ಟಿದ್ದೇವೆ. ಗೇರುಸೊಪ್ಪೆಯ ಚೆನ್ನಭೈರಾದೇವಿಗೆ ‘ಮೆಣಸಿನ ರಾಣಿ’ಯೆಂದು ಹೆಸರಿಟ್ಟವರು ಸಹ ಮೆಣಸನ್ನು ಕೊಳ್ಳಲು ಬಂದ ಪೋರ್ಚುಗೀಸರೇ. ಈ ಅಧಿಕಾರವನ್ನು ಬೆಳೆಯುವವರು ತಮ್ಮ ಕೈಗೆ ತೆಗೆದುಕೊಳ್ಳಬೇಕೆಂಬುದೂ, ಮುರುಗಲು ಹಣ್ಣಿನಿಂದ ಆರಂಭಿಸುವುದು ಯೋಗ್ಯವೆಂಬುದೂ ನನ್ನ ಅಭಿಪ್ರಾಯವು. ಇದಕ್ಕೆ ದೃಷ್ಟಾಂತವನ್ನು ಯುರೋಪಿನ ದ್ರಾಕ್ಷಾಮದ್ಯದಿಂದ, ಎಂದರೆ ವೈನಿನಿಂದ, ತೆಗೆದುಕೊಳ್ಳುತ್ತೇನೆ.

ಮದ್ಯವನ್ನು ಕುಡಿಯಿರೆಂದು ಹೇಳುವುದು ಈ ಲೇಖನದ ಉದ್ದೇಶವಲ್ಲವೆಂಬುದನ್ನು ಮೊದಲೇ ಸ್ಪಷ್ಟಪಡಿಸುವುದು ಒಳ್ಳೆಯದು. ದ್ರಾಕ್ಷಿಯನ್ನು ಬೆಳೆಯಿರೆಂದೂ ಹೇಳುವಂತಿಲ್ಲ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಈ ಕರಾವಳಿಯಲ್ಲಿ ಬಳ್ಳಿಗೆ ಬೂಜುರೋಗ ತಪ್ಪದು. ಕರ್ನಾಟಕದ ದ್ರಾಕ್ಷಿಯು ವಿಜಯಪುರ, ಬಾಗಲಕೋಟೆ, ಚಿಕ್ಕಬಳ್ಳಾಪುರ ಮುಂತಾದ ಒಣಸೀಮೆಗಳ ಬೆಳೆ. ನಾವು ನೋಡತಕ್ಕದ್ದು ಅವರ ಪರೀಕ್ಷೆಯ ಕ್ರಮವನ್ನು ಮಾತ್ರ.

ಜರ್ಮನಿಯಲ್ಲಿ ರೀಸ್ಲಿಂಗ್ ಎಂಬ ಬಿಳಿ ದ್ರಾಕ್ಷಿಯಿದೆ. ೧೪೩೫ನೆಯ ಇಸವಿಯಲ್ಲಿ ರುಸೆಲ್ಸ್‌ಹೈಮ್ ಎಂಬ ಊರಿನ ಲೆಕ್ಕಪತ್ರದಲ್ಲಿ ಇದರ ಬಳ್ಳಿಗಳನ್ನು ಕೊಂಡ ಉಲ್ಲೇಖವಿದೆ. ದ್ರಾಕ್ಷಿಯನ್ನು ಬೀಜದಿಂದ ಬೆಳೆಸಿದರೆ ತಾಯಿಯ ಗುಣ ಮಗುವಿಗೆ ಬರುವುದಿಲ್ಲ. ಆದಕಾರಣ ಅಲ್ಲಿಯವರು ಮೆಚ್ಚಿದ ಬಳ್ಳಿಯ ತುಂಡನ್ನೇ ನೆಟ್ಟೂ, ಕಸಿ ಕಟ್ಟಿಯೂ, ಇಷ್ಟು ಶತಮಾನಗಳ ಕಾಲ ಒಂದೇ ಜಾತಿಯನ್ನು ಉಳಿಸಿಕೊಂಡು ಬಂದಿದ್ದಾರೆ. ಮೋಸೆಲ್ ನದಿಯ ದಡದಲ್ಲಿ ನಿಂತು ನಡೆಯುವುದೇ ಕಷ್ಟವಾದ ಕಡಿದಾದ ಇಳಿಜಾರುಗಳಲ್ಲಿ, ಪದರಗಲ್ಲಿನ ನೆಲದ ಮೇಲೆ ಈ ಬಳ್ಳಿ ಬೆಳೆಯುವುದು. ಒಂದೊಂದು ಇಳಿಜಾರಿಗೂ ಹೆಸರಿದೆ. ಒಂದರ ಹಣ್ಣನ್ನು ಇನ್ನೊಂದರೊಡನೆ ಬೆರೆಸದೆ ಬೇರೆಯಾಗಿಯೇ ಹಿಂಡುವ ಪದ್ಧತಿಯಿದೆ. ರಸದ ಸಿಹಿಯನ್ನು ಅಳೆಯಲು ೧೯ನೆಯ ಶತಮಾನದಲ್ಲಿ ಫರ್ಡಿನಂಡ್ ಓಕ್ಸ್ಲೆ ಎಂಬಾತನು ಬಳಕೆಗೆ ತಂದ ಮಾಪಕವು ಇಂದಿಗೂ ಆತನ ಹೆಸರಿನಿಂದಲೇ ನಡೆಯುತ್ತಿದೆ. ೧೯೭೧ರ ಜರ್ಮನ್ ಕಾಯಿದೆಯು ಹಣ್ಣಿನ ಪಕ್ವತೆಯ ಈ ಅಳತೆಯ ಮೇಲೆಯೇ ದರ್ಜೆಗಳನ್ನು ಗೊತ್ತುಪಡಿಸಿತು. ಹೀಗೆ ಕೊಳ್ಳುವವನು ಬರುವುದಕ್ಕೆ ಮುಂಚೆಯೇ ತನ್ನ ಸರಕು ಯಾವ ದರ್ಜೆಯದೆಂಬುದು ಬೆಳೆದವನಿಗೆ ತಿಳಿದಿರುತ್ತದೆ.

ಕೆಲವು ವರ್ಷಗಳ ಹಿಂದೆ ಬೆಂಗಳೂರಿನಲ್ಲಿ ನಾವು ಐವರು ಸ್ನೇಹಿತರು ಕೂಡಿ ಇಂಥ ಪರೀಕ್ಷೆಯೊಂದನ್ನು ಮಾಡಿ ನೋಡಿದೆವು. ಮೋಸೆಲ್, ರೈನ್‌ಗೌ, ಫ್ರಾನ್ಸಿನ ಅಲ್ಸಾಸ್, ಈ ಮೂರು ಸೀಮೆಗಳ ರೀಸ್ಲಿಂಗನ್ನೂ, ಹೋಲಿಕೆಗಾಗಿ ಲ್ವಾರ್ ಸೀಮೆಯ ಶೆನಿನ್ ಎಂಬ ಬೇರೆ ದ್ರಾಕ್ಷಿಯ ವೈನನ್ನೂ ತರಿಸಿ, ಸೀಸೆಗಳಿಗೆ ಬಟ್ಟೆ ಸುತ್ತಿ ಅಂಕೆಯನ್ನಷ್ಟೇ ಬರೆದಿಟ್ಟೆವು. ಒಂದೊಂದು ಗುಟುಕನ್ನು ಬಾಯಲ್ಲಿ ಆಡಿಸಿ ಉಗುಳುವುದು ಪರೀಕ್ಷಕರ ರೂಢಿ. ಮೋಸೆಲಿನದು ತೆಳ್ಳಗೆ, ಮದ್ಯಾಂಶ ಕಡಿಮೆಯಾಗಿ, ಹುಳಿ ಸಿಹಿಗಳೆರಡೂ ಮುಂದಾಗಿ ಇತ್ತು. ಅಲ್ಸಾಸಿನದರಲ್ಲಿ ಸಿಹಿಯಿಲ್ಲದೆ ಹುಳಿಯೂ ಬಿಸಿಯೂ ತೋರಿದುವು. ರೈನ್‌ಗೌ ಸೀಮೆಯದು ಹಳೆಯದಾದುದರಿಂದ ಸ್ವಲ್ಪ ಸೀಮೆಎಣ್ಣೆಯ ವಾಸನೆ ಬಂದಿತು; ಹಳೆಯ ರೀಸ್ಲಿಂಗಿನ ಗುರುತೇ ಅದೆಂದು ತಿಳಿದವರು ಹೇಳುತ್ತಾರೆ. ಎಲ್ಲರಿಗಿಂತ ಚೆನ್ನಾಗಿ ವ್ಯತ್ಯಾಸವನ್ನು ಹೇಳಿದವರು ಕುಮಟೆಯ ಕಡೆಯ ಒಬ್ಬ ತೋಟಿಗರು. ಅವರು ಅದುವರೆಗೆ ವೈನನ್ನು ಮುಟ್ಟಿದವರಲ್ಲ. ಮೋಸೆಲಿನ ಗುಟುಕನ್ನು ಉಗುಳಿ ಅವರು, “ಇದರ ಹುಳಿಗೂ ಸಿಹಿಗೂ ನಮ್ಮ ಮುರುಗಲು ಪಾನಕದ ಹದವೇ ಇದೆಯಲ್ಲ, ಮಾರಾಯರೆ!” ಎಂದರು. ಆ ಮಾತು ಯಥಾರ್ಥವಾದುದು. ರೀಸ್ಲಿಂಗಿನ ಹೆಚ್ಚಳವೆಲ್ಲ ಹುಳಿ ಸಿಹಿಗಳ ಸಮತೂಕದಲ್ಲಿದೆ, ಮುರುಗಲಿನದೂ ಹಾಗೆಯೇ.

ಹೆಸರನ್ನು ಮರೆಮಾಡುವುದರಿಂದ ಏನಾಗುತ್ತದೆಂಬುದಕ್ಕೆ ಪ್ರಸಿದ್ಧವಾದ ಉದಾಹರಣೆಯೊಂದುಂಟು. ೧೯೭೬ರ ಮೇ ೨೪ರಂದು ಪ್ಯಾರಿಸಿನಲ್ಲಿ ಸ್ಟೀವನ್ ಸ್ಪರ್ರಿಯರ್ ಎಂಬ ಆಂಗ್ಲ ವ್ಯಾಪಾರಿಯು ಫ್ರಾನ್ಸಿನ ಹೆಸರಾಂತ ವೈನುಗಳನ್ನೂ ಅಮೆರಿಕದ ಕ್ಯಾಲಿಫೋರ್ನಿಯದ ವೈನುಗಳನ್ನೂ ಗುರುತು ಕಾಣದಂತೆ ಇರಿಸಿ, ಒಂಬತ್ತು ಮಂದಿ ಫ್ರೆಂಚ್ ಪರೀಕ್ಷಕರಿಂದ ಇಪ್ಪತ್ತಕ್ಕೆ ಇಷ್ಟೆಂದು ಅಂಕ ಹಾಕಿಸಿದನು. ಕೆಂಪಿನಲ್ಲಿಯೂ ಬಿಳಿಯಲ್ಲಿಯೂ ಮೊದಲನೆಯ ಸ್ಥಾನ ಕ್ಯಾಲಿಫೋರ್ನಿಯಕ್ಕೆ ಬಂದಿತು. ಅಲ್ಲಿಯವರೆಗೆ ಅಮೆರಿಕದ ಸರಕನ್ನು ಲೆಕ್ಕಕ್ಕೇ ಹಿಡಿಯದಿದ್ದ ಜಗತ್ತು ಅಂದಿನಿಂದ ಅದನ್ನು ಕೇಳಿ ಕೊಳ್ಳಲಾರಂಭಿಸಿತು.

ಇನ್ನು ನಮ್ಮ ಮುರುಗಲನ್ನು ನೋಡೋಣ. ಸೊಪ್ಪಿನ ಬೆಟ್ಟಗಳಲ್ಲಿ, ಹಳ್ಳದ ಬದಿಗಳಲ್ಲಿ, ತೋಟದ ಅಂಚಿನಲ್ಲಿ ತಾನಾಗಿ ಹುಟ್ಟುವ ಈ ಮರದಲ್ಲಿ ಗಂಡು ಹೆಣ್ಣುಗಳೆಂಬ ಭೇದವಿದೆ. ಬೀಜದಿಂದ ಹುಟ್ಟಿದ ಸಸಿಯು ಹೆಣ್ಣಾಗಿ ಫಲ ಕೊಡುವುದೋ ಇಲ್ಲವೋ ಎಂಬುದು ಅನೇಕ ವರ್ಷ ಸಾಕಿದ ಮೇಲೆ ತಿಳಿಯತಕ್ಕದ್ದು. ಫಲ ಕೊಟ್ಟರೂ ಒಂದು ಮರದ ಹಣ್ಣು ಇನ್ನೊಂದರಂತಿರುವುದಿಲ್ಲ. ಸಿಪ್ಪೆಯ ದಪ್ಪ, ಬಣ್ಣ, ಹುಳಿ, ಮಾಗುವ ಕಾಲ ಎಲ್ಲವೂ ಬೇರೆ ಬೇರೆ. ಅಪರೂಪಕ್ಕೆ ಬಿಳಿ ಮುರುಗಲೂ ಸಿಗುವುದುಂಟು. ಇಂಥ ವೈವಿಧ್ಯವು ಸಂಪತ್ತು. ಆದರೆ ನಾವು ಮಾಡುವುದೇನು? ಎಲ್ಲ ಮರಗಳ ಹಣ್ಣನ್ನೂ ಒಂದೇ ರಾಶಿಗೆ ಸುರಿದು ಒಂದೇ ದರಕ್ಕೆ ಕೊಡುತ್ತೇವೆ. ಬೇರೆಯವರು ಕೊಯ್ದಾರೆಂಬ ಭಯದಿಂದ ಕಾಯಿಯನ್ನೇ ಕೀಳುವವರೂ, ಹತ್ತುವ ಶ್ರಮವನ್ನು ತಪ್ಪಿಸಲು ಕೊಂಬೆಯನ್ನೇ ಕಡಿಯುವವರೂ ಇದ್ದಾರೆ. ಊರಿಗೆಲ್ಲ ಶ್ರೇಷ್ಠವಾದ ಮರವೊಂದು ಹೀಗೆ ನಾಶವಾದರೆ ಅದರ ರುಚಿಯನ್ನು ಮರಳಿ ಪಡೆಯಲು ಯಾವ ಇಲಾಖೆಯಿಂದಲೂ ಆಗದು. ಅದರ ಬೀಜದಿಂದ ಬೆಳೆದ ಮರ ಅದೇ ಮರವಲ್ಲ.

ಆದುದರಿಂದ ಪ್ರತಿ ಗ್ರಾಮದಲ್ಲಿಯೂ ಬರುವ ಬೇಸಿಗೆಯಲ್ಲಿ ಮುರುಗಲಿನ ರುಚಿಪರೀಕ್ಷೆಯನ್ನು ಈ ಕೆಳಗಿನ ಕ್ರಮದಲ್ಲಿ ನಡೆಸಬೇಕೆಂದು ಸೂಚಿಸುತ್ತೇನೆ:

೧. ಮಳೆ ಹಿಡಿಯುವುದಕ್ಕೆ ಮೊದಲು, ಒಂದೇ ದಿನ, ಚೆನ್ನಾಗಿ ಮಾಗಿದ ಹಣ್ಣನ್ನು ಪ್ರತಿಯೊಂದು ಮರದಿಂದ ಬೇರೆ ಬೇರೆಯಾಗಿ ತರಿಸಬೇಕು.

೨. ನೂರು ಗ್ರಾಂ ಹಸಿ ಸಿಪ್ಪೆಯನ್ನು ಒಂದು ಲೀಟರ್ ನೀರಿನಲ್ಲಿ ಕಿವುಚಿ, ಅರ್ಧ ಗಂಟೆ ಬಿಟ್ಟು ಸೋಸಬೇಕು. ಮೊದಲು ಸಪ್ಪೆಯಾಗಿಯೂ, ಅನಂತರ ಎಲ್ಲಕ್ಕೂ ಒಂದೇ ಅಳತೆಯ ಸಕ್ಕರೆ ಬೆರೆಸಿಯೂ ರುಚಿ ನೋಡಬೇಕು. ಉಪ್ಪು, ಜೀರಿಗೆ, ಏಲಕ್ಕಿ ಹಾಕಕೂಡದು. ಅವು ಹಣ್ಣಿನ ದೋಷವನ್ನು ಮುಚ್ಚುವುವು.

೩. ಪಾತ್ರೆಗಳಿಗೆ ಅಂಕೆ ಮಾತ್ರವಿರಲಿ. ಯಾವ ಅಂಕೆ ಯಾರ ಮರದ್ದೆಂಬುದನ್ನು ರುಚಿ ನೋಡದವನೊಬ್ಬನು ಬರೆದಿಟ್ಟುಕೊಳ್ಳಲಿ.

೪. ಒಂದು ಸಲಕ್ಕೆ ಆರಕ್ಕಿಂತ ಹೆಚ್ಚು ಬೇಡ. ಕವಳ ಹಾಕಿದವರು ಬಾಯಿ ತೊಳೆದು ಒಂದು ತಾಸಾದ ಮೇಲೆ ಕೂಡ್ರಬೇಕು. ನಡುನಡುವೆ ನೀರನ್ನೂ ಒಣ ಅವಲಕ್ಕಿಯನ್ನೂ ತೆಗೆದುಕೊಂಡು ನಾಲಿಗೆಯನ್ನು ಶುದ್ಧ ಮಾಡಿಕೊಳ್ಳಬೇಕು.

೫. ಬಣ್ಣಕ್ಕೆ ಐದು, ಪರಿಮಳಕ್ಕೆ ಐದು, ಹುಳಿ ಸಿಹಿಗಳ ಹದಕ್ಕೆ ಹತ್ತು, ಹೀಗೆ ಇಪ್ಪತ್ತು ಅಂಕಗಳಿರಲಿ. ಮಾತನಾಡುವ ಮೊದಲು ಪ್ರತಿಯೊಬ್ಬರೂ ಬರೆದು ಮುಗಿಸಬೇಕು.

ಇವುಗಳಲ್ಲಿ ಐದನೆಯದು ಎಲ್ಲಕ್ಕಿಂತ ಮುಖ್ಯ, ಎಲ್ಲಕ್ಕಿಂತ ಕಠಿಣ. ಊರಿನ ಮುಖ್ಯಸ್ಥರು ಒಂದು ಲೋಟವನ್ನು ಹೊಗಳಿದರೆ ಉಳಿದವರು “ಹೌದು, ಒಡೆಯರೆ” ಎನ್ನುವುದು ನಮ್ಮ ಕಡೆಯ ಮರ್ಯಾದೆ. ಮರ್ಯಾದೆಯು ಒಳ್ಳೆಯದೇ, ಆದರೆ ಅದರಿಂದ ರುಚಿ ತಿಳಿಯದು. ಆದಕಾರಣ ಮುಖ್ಯಸ್ಥರೂ ಜಮೀನದಾರರೂ ಕೊನೆಗೆ ಮಾತನಾಡತಕ್ಕದ್ದು. ವರ್ಷ ವರ್ಷವೂ ಪಾನಕ ಮಾಡುವ ಹೆಂಗಸರಿಗೂ, ಬೆಟ್ಟದಿಂದ ಹಣ್ಣು ತರುವ ಕೂಲಿಯವರಿಗೂ ಪರೀಕ್ಷಕರ ಸಾಲಿನಲ್ಲಿ ಸ್ಥಾನವಿರಬೇಕು. ಯಾವ ಮರದ ಹಣ್ಣು ಎಂಥದೆಂಬುದು ಅವರಿಗೆ ತಿಳಿದಿರುವಷ್ಟು ಪಹಣಿಯಲ್ಲಿ ಹೆಸರಿರುವವರಿಗೆ ತಿಳಿದಿರುವುದಿಲ್ಲ.

ಎರಡು ವರ್ಷಗಳ ಪರೀಕ್ಷೆಯಲ್ಲಿಯೂ ಮೇಲಾಗಿ ನಿಂತ ಮರಕ್ಕೆ ಗುರುತು ಹಾಕಿ, ಅದರ ಫಸಲು, ಸಿಪ್ಪೆಯ ದಪ್ಪ, ಮಾಗುವ ಕಾಲಗಳನ್ನೂ ಬರೆದಿಡಬೇಕು. ರುಚಿಯಿದ್ದೂ ಮಳೆಯಲ್ಲಿ ಕೊಳೆಯುವ ಹಣ್ಣಿನಿಂದ ಪ್ರಯೋಜನವಿಲ್ಲ. ಅನಂತರ ಅದರ ಕುಡಿಯಿಂದ ಕಸಿ ಕಟ್ಟಿಸಬೇಕು. ನೆಟ್ಟಗೆ ಮೇಲಕ್ಕೆ ಹೋಗುವ ಚಿಗುರನ್ನೇ ಆರಿಸತಕ್ಕದ್ದು. ಅಡ್ಡಕೊಂಬೆಯ ಚಿಗುರಿನಿಂದ ಕಟ್ಟಿದ ಕಸಿಯು ಮರವಾಗದೆ ಪೊದೆಯಂತೆ ಹರಡುವುದು. ದಾಪೋಲಿಯ ಕೃಷಿ ವಿಶ್ವವಿದ್ಯಾಲಯದವರು ‘ಕೊಂಕಣ ಅಮೃತ’ವೆಂಬ ತಳಿಯನ್ನು ಕಂಡುಕೊಂಡದ್ದು ಇದ್ದ ಮರಗಳೊಳಗಿಂದ ಮೇಲಾದುದನ್ನು ಆರಿಸಿಯೇ.

“ವ್ಯಾಪಾರಿಯು ತೂಕಕ್ಕೆ ಹಣ ಕೊಡುವನು, ರುಚಿಗೆ ಕೊಡುವನೇ?” ಎಂದು ಕೆಲವರು ಕೇಳಬಹುದು. ಒಣಸಿಪ್ಪೆಯ ಸಗಟು ಮಾರಾಟದಲ್ಲಿ ಈ ಮಾತು ಬಹುಮಟ್ಟಿಗೆ ನಿಜ. ಆದುದರಿಂದಲೇ ಮೊದಲು ಪಾನಕದ ರಸದಿಂದ ಆರಂಭಿಸಬೇಕು. ಅದರಲ್ಲಿ ವ್ಯತ್ಯಾಸವು ಕೊಳ್ಳುವವನ ನಾಲಿಗೆಗೇ ತಿಳಿಯುವುದು. ಗುರುತಿನ ಮರಗಳ ಹಣ್ಣನ್ನು ಬೇರೆಯಾಗಿ ಹಿಂಡಿ, ಊರಿನ ಹೆಸರಿನಿಂದ ಮಾರಬೇಕು. ನೆರೆಯ ರತ್ನಾಗಿರಿ, ಸಿಂಧುದುರ್ಗಗಳ ಕೋಕಮ್ಮಿಗೆ ಭೌಗೋಳಿಕ ಗುರುತು ದೊರೆತಿದೆ. ನಮ್ಮ ಪಕ್ಕದ ಅಂಕೋಲೆಯ ಕರಿ ಈಶಾಡ ಮಾವಿಗೆ ೨೦೨೩ರಲ್ಲಿ ಅದು ದೊರೆಯಿತು. ಅದೇ ಹುಳಿ, ಅದೇ ಬಣ್ಣದ ಹಣ್ಣು ನಮ್ಮಲ್ಲಿದ್ದೂ ಹೆಸರಿಲ್ಲದ ರಾಶಿಯಾಗಿ ಗಟ್ಟವನ್ನೂ ಗಡಿಯನ್ನೂ ದಾಟಿ ಹೋಗುತ್ತಿರುವುದು ನಮಗೆ ಶೋಭಿಸದು. ಕಾಯಿದೆಯು ಹೆಸರನ್ನು ಕಾಯಬಲ್ಲುದು. ರುಚಿಯನ್ನು ಕಾಯತಕ್ಕವರು ಬೆಳೆಯುವವರೇ.

ಇದಕ್ಕೆ ತಗಲುವ ಖರ್ಚು ಆರು ಪಾತ್ರೆ, ಒಂದು ಸೇರು ಸಕ್ಕರೆ, ಒಂದು ನೋಟುಪುಸ್ತಕ, ಒಂದು ಮಧ್ಯಾಹ್ನ. ಗ್ರಾಮ ಅರಣ್ಯ ಸಮಿತಿಯಿದ್ದಲ್ಲಿ ಅದರ ಸಭೆಯಲ್ಲಿಯೂ, ಇಲ್ಲದಲ್ಲಿ ಯಾರಾದರೊಬ್ಬರ ಅಂಗಳದಲ್ಲಿಯೂ ಇದನ್ನು ನಡೆಸಬಹುದು. ಗ್ರಾಮದ ಹಿರಿಯರು ಈ ಬೇಸಿಗೆಯಲ್ಲಿ ಮರಗಳಿಗೆ ಅಂಕೆ ಹಾಕಿಸುವ ಕೆಲಸವನ್ನಾದರೂ ಮುಗಿಸಲಿ. ಅಲ್ಲಿಯವರೆಗೆ, ಫಲ ಹೊತ್ತ ಮುರುಗಲಿನ ಕೊಂಬೆಗೆ ಕತ್ತಿ ಹಾಕಕೂಡದೆಂದು ತಮ್ಮ ಊರಿನಲ್ಲಿ ಕಟ್ಟುಮಾಡಿಸಬೇಕೆಂದು ವಿನಂತಿ.