ಗುರುವಿನ ಕೋಲೂ ಪೋಷಕರ ಹಕ್ಕೂ

ದಾವಣಗೆರೆ, ಹರಿಹರಗಳ ಎಷ್ಟೋ ಮನೆಗಳಲ್ಲಿ, ಮಗುವು ಬಾಸುಂಡೆ ಹೊತ್ತು ಶಾಲೆಯಿಂದ ಮರಳಿದರೆ, ‘ನೀನೇನು ತಪ್ಪು ಮಾಡಿದೆ?’ ಎಂದು ಮಗುವನ್ನೇ ಗದರಿಸುವ ವಾಡಿಕೆ ಇನ್ನೂ ಅಳಿದಿಲ್ಲ. ಉಪಾಧ್ಯಾಯರನ್ನು ಪ್ರಶ್ನಿಸುವುದು ಗುರುದ್ರೋಹವೆಂಬ ಭಾವನೆಯೇ ಇದಕ್ಕೆ ಮೂಲ. ಇದನ್ನು ನಾವು ಒಪ್ಪಲಾರೆವು.

2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಕಲಮು ದೇಹದಂಡನೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. 32ನೆಯ ಕಲಮಿನಂತೆ ಪೋಷಕರು ಸ್ಥಳೀಯ ಪ್ರಾಧಿಕಾರಕ್ಕೆ ಲಿಖಿತ ದೂರು ಕೊಡಬಹುದು. ಉಭಯಪಕ್ಷಗಳನ್ನೂ ಕೇಳಿ ಮೂರು ತಿಂಗಳೊಳಗೆ ಅದು ತೀರ್ಮಾನವಾಗಬೇಕು. ಅತೃಪ್ತರಿಗೆ ರಾಜ್ಯದ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿಯುಂಟು. 2023ರ ಡಿಸೆಂಬರಿನಲ್ಲಿ ಬೆಂಗಳೂರಿನ ಆಂದ್ರಹಳ್ಳಿಯ ಸರಕಾರಿ ಶಾಲೆಯಲ್ಲಿ ಮಕ್ಕಳಿಂದ ಶೌಚಾಲಯ ತೊಳೆಯಿಸಿದ್ದು ಬಯಲಾದಾಗ ಪೋಷಕರು ಶಾಲೆಯೆದುರು ಪ್ರತಿಭಟಿಸಿದರು, ಮುಖ್ಯೋಪಾಧ್ಯಾಯರು ಅಮಾನತಾದರು. ಕೇಳುವವರಿಲ್ಲದಿದ್ದರೆ ಕಾಯಿದೆಯು ಬರಿಯ ಕಾಗದವೇ ಸರಿ.

ಹಾಗೆಂದು ಶಾಲೆಗೆ ನುಗ್ಗಿ ಉಪಾಧ್ಯಾಯರ ಮೇಲೆ ಕೈಮಾಡುವುದೂ ನ್ಯಾಯವಲ್ಲ. ಆರೋಪ ಹೊತ್ತವರಿಗೂ ಉತ್ತರ ಹೇಳುವ ಅವಕಾಶವಿರಬೇಕು. ಮಗುವಿನ ಮಾತನ್ನು ಸಮಾಧಾನದಿಂದ ಕೇಳಿ, ಬರೆದುಕೊಟ್ಟು, ಸ್ವೀಕೃತಿ ಪಡೆಯುವುದೇ ಸರಿಯಾದ ದಾರಿ.

ಹರಿಹರದ ಹೊಳೆಯು ಒಂದು ಕಾಲಕ್ಕೆ ಮೈಸೂರು ಸಂಸ್ಥಾನಕ್ಕೂ ಮುಂಬಯಿ ಪ್ರಾಂತಕ್ಕೂ ಗಡಿಯಾಗಿತ್ತು. 1956ರ ನವೆಂಬರ್ 1ರಂದು ಎರಡು ದಡಗಳೂ ಒಂದೇ ರಾಜ್ಯಕ್ಕೆ ಸೇರಿದವು. ನಾಡು ಒಂದಾದದ್ದು ತಲೆತಗ್ಗಿಸಿ ಏಟು ತಿನ್ನುವ ಪೀಳಿಗೆಯನ್ನು ಬೆಳೆಸಲಿಕ್ಕಲ್ಲ. ಉಪಾಧ್ಯಾಯ ಬಾಂಧವರು ಕೋಲನ್ನು ಕೆಳಗಿಡಲಿ. ತಂದೆತಾಯಿಗಳು ಅಂಜಿಕೆಯನ್ನು ಬಿಡಲಿ.