ಮಹಾಧಮನಿ ಉಬ್ಬಿದರೆ ಮಾಜೂನು ಕೇಳಬೇಡಿ

ಯೂನಾನಿ ವೈದ್ಯನಾಗಿಯೇ ಹೇಳುತ್ತಿದ್ದೇನೆ: ಕೆಲವು ಕಾಯಿಲೆಗಳಿಗೆ ನನ್ನ ಬಳಿ ಔಷಧಿಯಿಲ್ಲ. ಮಹಾಧಮನಿಯ ಉಬ್ಬು ಅವುಗಳಲ್ಲೊಂದು.

ಅರವತ್ತು ದಾಟಿದ, ಬೀಡಿ ಸೇದುವ ಹಿರಿಯರೊಬ್ಬರು ಸ್ವರ ಒಡೆದಿದೆಯೆಂದು ನನ್ನ ದವಾಖಾನೆಗೆ ಬಂದಿದ್ದರು. ಗಂಟಲಿನ ತೊಂದರೆಯಿರಬೇಕೆಂದು ಶರಬತ್ ತೂತ್ ಕೊಟ್ಟೆ. ಎರಡು ವಾರವಾದರೂ ಗುಣ ಕಾಣಲಿಲ್ಲ. ಎಕ್ಸ್‌ರೇ, ಆಮೇಲೆ ಸಿ.ಟಿ. ಸ್ಕ್ಯಾನ್ ಮಾಡಿಸಿದಾಗ ನಿಜ ತಿಳಿಯಿತು. ಎದೆಯೊಳಗೆ ಮಹಾಧಮನಿಯ ಕಮಾನು ಉಬ್ಬಿ, ಧ್ವನಿಪೆಟ್ಟಿಗೆಗೆ ಹೋಗುವ ನರವನ್ನು ಒತ್ತುತ್ತಿತ್ತು. ಶಸ್ತ್ರಚಿಕಿತ್ಸೆಯ ಮಾತು ಬಂದೊಡನೆ ಮನೆಯವರು ನನ್ನಲ್ಲಿಗೇ ಮರಳಿದರು. “ಎದೆ ಸೀಳುವುದು ಬೇಡ ಹಕೀಂ ಸಾಹೇಬರೇ, ನೀವೇ ಏನಾದರೂ ಮಾಜೂನು ಕೊಡಿ” ಎಂದರು. ನಾನು ಕೊಡಲಿಲ್ಲ.

ಹೃದಯದಿಂದ ಮೇಲೆದ್ದು, ಕಮಾನಿನಂತೆ ಬಾಗಿ, ಬೆನ್ನೆಲುಬಿನ ಮುಂದೆ ಹೊಟ್ಟೆಗಿಳಿಯುವ ದೊಡ್ಡ ರಕ್ತನಾಳವೇ ಮಹಾಧಮನಿ. ಅದರ ಗೋಡೆ ಸಡಿಲಗೊಂಡು ಉಬ್ಬಿದರೆ ಯಾವ ಔಷಧಿಯೂ ಅದನ್ನು ಮೊದಲಿನಂತೆ ಮಾಡದು. ಒಡೆದರೆ ಆಸ್ಪತ್ರೆ ತಲುಪಲೂ ಸಮಯ ಸಿಗದಿರಬಹುದು. ಆದ್ದರಿಂದಲೇ ಉಬ್ಬಿನ ಅಗಲ ಸುಮಾರು 5.5 ಸೆಂ.ಮೀ. ತಲುಪಿದಾಗ, ಬೇಗ ಬೆಳೆಯುತ್ತಿದ್ದರೆ ಅದಕ್ಕೂ ಮುಂಚೆ, ತಜ್ಞರು ಶಸ್ತ್ರಚಿಕಿತ್ಸೆಗೆ ಸಲಹೆ ನೀಡುತ್ತಾರೆ.

“ತೊಡೆಸಂದಿಯಿಂದ ಸ್ಟೆಂಟ್ ಹಾಕಿದರೆ ಸಾಲದೇ?” ಎಂದು ನೀವು ಕೇಳಬಹುದು. 1990ರಲ್ಲಿ ಅರ್ಜೆಂಟೀನಾದ ಡಾ. ಹುವಾನ್ ಪರೋದಿ ಹೊಟ್ಟೆಯ ಮಹಾಧಮನಿಗೆ ಹೀಗೆ ಚಿಕಿತ್ಸೆ ಮಾಡಿದರು. ಇಂದು ಅದು ಎಲ್ಲೆಡೆ ಬಳಕೆಯಲ್ಲಿದೆ. ಆದರೆ ಕಮಾನಿನಲ್ಲಿ ತೊಡಕಿದೆ. ಮೆದುಳಿಗೂ ತೋಳುಗಳಿಗೂ ರಕ್ತ ಒಯ್ಯುವ ನಾಳಗಳು ಕವಲೊಡೆಯುವುದು ಅಲ್ಲಿಂದಲೇ. ಬಟ್ಟೆಯ ಹೊದಿಕೆಯಿರುವ ಸ್ಟೆಂಟನ್ನು ಅಲ್ಲಿ ಹಾಗೆಯೇ ಕೂರಿಸಿದರೆ ಆ ಬಾಯಿಗಳು ಮುಚ್ಚಿಹೋಗುತ್ತವೆ.

ಇಲ್ಲಿ ನೆರವಾಗುವುದು ಎರಡೂ ವಿಧಾನಗಳು ಕೂಡಿದ ಹೈಬ್ರಿಡ್ ಶಸ್ತ್ರಚಿಕಿತ್ಸೆ. ಮೊದಲು ಎದೆ ತೆರೆದು, ಮಹಾಧಮನಿಯ ಆರೋಗ್ಯವಂತ ಭಾಗದಿಂದ ಮೆದುಳಿನ ನಾಳಗಳಿಗೆ ಕೃತಕ ನಾಳ ಜೋಡಿಸಿ ಬೇರೆ ದಾರಿ ಮಾಡುತ್ತಾರೆ. ಬಳಿಕ, ಅದೇ ದಿನ ಅಥವಾ ಕೆಲ ದಿನ ಬಿಟ್ಟು, ಸ್ಟೆಂಟನ್ನು ಒಳಗೆ ಕಳುಹಿಸಿ ಉಬ್ಬನ್ನು ಒಳಗಿನಿಂದ ಮುಚ್ಚುತ್ತಾರೆ. ದೇಹವನ್ನು ತಣ್ಣಗಾಗಿಸಿ, ರಕ್ತಸಂಚಾರವನ್ನೇ ಕೆಲಹೊತ್ತು ನಿಲ್ಲಿಸಿ ಇಡೀ ಕಮಾನನ್ನು ಬದಲಿಸುವ ಶಸ್ತ್ರಚಿಕಿತ್ಸೆಯನ್ನು ತಾಳಲಾರದ ವೃದ್ಧರಿಗೆ ಇದೊಂದು ದಾರಿ.

ಇದು ಸುಲಭದ ಚಿಕಿತ್ಸೆಯೆಂದು ನಾನು ಹೇಳಲಾರೆ. ಪಾರ್ಶ್ವವಾಯುವಿನ ಅಪಾಯವಿದೆ, ಸ್ಟೆಂಟಿನ ಅಂಚಿನಲ್ಲಿ ರಕ್ತ ಸೋರಬಹುದು, ಬದುಕಿರುವವರೆಗೂ ಆಗಾಗ ಸ್ಕ್ಯಾನ್ ಮಾಡಿಸಬೇಕು. ಕಿರಿಯ ವಯಸ್ಸಿನವರಿಗೆ ತೆರೆದ ಶಸ್ತ್ರಚಿಕಿತ್ಸೆಯೇ ಹೆಚ್ಚು ಬಾಳಿಕೆ ಬರಬಹುದು. ಆದ್ದರಿಂದ “ಗಾಯ ಎಷ್ಟು ದೊಡ್ಡದು?” ಎಂದು ಕೇಳಬೇಡಿ. “ಎರಡೂ ವಿಧಾನ ಬಲ್ಲ ತಂಡ ನಿಮ್ಮಲ್ಲಿದೆಯೇ? ನಮ್ಮವರಿಗೆ ಇದೇ ಏಕೆ?” ಎಂದು ಕೇಳಿ. ಖರ್ಚನ್ನೂ ಸರಕಾರಿ ಯೋಜನೆಯ ನೆರವನ್ನೂ ಮೊದಲೇ ವಿಚಾರಿಸಿ.

ಶಸ್ತ್ರಚಿಕಿತ್ಸೆ ಯೂನಾನಿಗೆ ಪರಕೀಯವಲ್ಲ. ಆಹಾರ, ಔಷಧಿ, ತದ್‌ಬೀರ್‌ಗಳ ಜೊತೆಗೆ ಇಲಾಜ್ ಬಿಲ್ ಯದ್, ಅಂದರೆ ಕೈಯಿಂದ ಮಾಡುವ ಚಿಕಿತ್ಸೆಯೂ ನಮ್ಮ ಪದ್ಧತಿಯ ಭಾಗ. ಸಾವಿರ ವರ್ಷಗಳ ಹಿಂದೆ ಸ್ಪೇನಿನ ಅಲ್ ಝಹ್ರಾವಿ ಶಸ್ತ್ರಚಿಕಿತ್ಸೆಯ ಬಗ್ಗೆ ಸಚಿತ್ರವಾಗಿ ಬರೆದರು. ಕುತ್ತಿಗೆ, ಕಂಕುಳಲ್ಲಿ ಧಮನಿಯ ದೊಡ್ಡ ಉಬ್ಬು ಕಂಡರೆ ಕತ್ತರಿಸಬಾರದೆಂದು ಅವರೇ ಎಚ್ಚರಿಸಿದ್ದರು. ತನ್ನ ಕೈಯ ಮಿತಿಯನ್ನು ಅರಿತಿರುವುದೂ ಹಕೀಮನ ವಿದ್ಯೆಯೇ.

ನಿಮ್ಮ ಕೈಯಲ್ಲಿರುವುದೂ ಇದೆ. ಬೀಡಿ, ಸಿಗರೇಟು ಬಿಡಿ. ರಕ್ತದೊತ್ತಡದ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಹೊಟ್ಟೆಯಲ್ಲಿ ಮಿಡಿಯುವ ಗಡ್ಡೆಯಿದ್ದರೆ ತಿಕ್ಕಿಸದೆ ಸ್ಕ್ಯಾನ್ ಮಾಡಿಸಿ. ನಮ್ಮಿಂದ ಪಡೆದ ಔಷಧಿಗಳನ್ನೆಲ್ಲ ಶಸ್ತ್ರಚಿಕಿತ್ಸೆಯ ವೈದ್ಯರಿಗೆ ತೋರಿಸಿ. ಎದೆಯಲ್ಲೋ ಬೆನ್ನಲ್ಲೋ ಸೀಳಿದಂಥ ನೋವು ಹಠಾತ್ತನೆ ಬಂದರೆ ಗ್ಯಾಸ್ ಎಂದು ಕಾಯಬೇಡಿ, ಕೂಡಲೇ ದೊಡ್ಡ ಆಸ್ಪತ್ರೆಗೆ ಹೊರಡಿ.

ಆ ಹಿರಿಯರು ಹೈಬ್ರಿಡ್ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. ಸ್ವರ ಪೂರ್ತಿ ಮರಳಿಲ್ಲ. ಆದರೂ ಆ ಒಡೆದ ಸ್ವರದಲ್ಲೇ ಸಲಾಂ ಹೇಳುತ್ತಾ ದವಾಖಾನೆಗೆ ಬರುತ್ತಾರೆ. ಅಂದು ಮಾಜೂನು ಕೊಟ್ಟು ಕಳಿಸದಿದ್ದುದೇ ನಾನು ಅವರಿಗೆ ಮಾಡಿದ ಚಿಕಿತ್ಸೆ.